ಕುಡಿಯದವರ ತೂರಾಟ

ಬಿಸಿ ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಹೊಯ್ದು ಆರಿಸುವುದನ್ನು ನೀವೂ ಮಾಡಿರುತ್ತೀರಿ. ಆದರೆ ನನ್ನ ಹೆಂಡತಿ ಸುಮತಿ ಅದನ್ನು ಮಾಡುತ್ತಿದ್ದ ಚಂದವೇ ಬೇರೆ. ಕೈಯನ್ನು ಮೊಳದೆತ್ತರಕ್ಕೆ ಏರಿಸಿ, ಕಣ್ಣನ್ನು ಕಿಟಕಿಯಾಚೆ ಎಲ್ಲೋ ನೆಟ್ಟು, ನನ್ನೊಡನೆ ಮಾತಾಡುತ್ತಲೇ ಅವಳು ಹೊಯ್ಯುತ್ತಿದ್ದ ಚಹಾದ ಒಂದು ಹನಿಯೂ ಹೊರಗೆ ಬೀಳುತ್ತಿರಲಿಲ್ಲ. ಪುತ್ತೂರಿನ ನಮ್ಮ ಅಡುಗೆಕೋಣೆಯಲ್ಲಿ ಒಂದು ಬೆಳಗ್ಗೆ ಆ ಧಾರೆ ಲೋಟವನ್ನು ತಪ್ಪಿ ಅವಳ ಪಾದದ ಮೇಲೆ ಬಿತ್ತು. ತಣ್ಣೀರು ಹೊಯ್ಯಲು ನಾನು ಬಗ್ಗಿದಾಗ ಅವಳು ಉರಿಯ ಮಾತೆತ್ತಲಿಲ್ಲ. "ನನಗೂ ಶುರುವಾಯ್ತು ಕಾಣ್ತದೆ," ಎಂದಳು.

ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಅಣ್ಣ, ಇಚಿಲಂಪಾಡಿಯ ಶ್ರೀಧರ ಭಾವ, ಕಡಬ ಮತ್ತು ಉಪ್ಪಿನಂಗಡಿಯ ನಡುವೆ ಸರ್ವಿಸ್ ಜೀಪು ಓಡಿಸುತ್ತಿದ್ದವರು. ನಡುವಯಸ್ಸಿನಲ್ಲಿ ಅವರ ಹೆಜ್ಜೆ ತಪ್ಪತೊಡಗಿತು, ಮಾತು ತೊದಲತೊಡಗಿತು. ಜನ್ಮದಲ್ಲಿ ಹೆಂಡದ ವಾಸನೆ ಸೋಕಿಸಿಕೊಳ್ಳದ ಮನುಷ್ಯನನ್ನು ಊರು ಕುಡುಕನೆಂದು ತೀರ್ಮಾನಿಸಿತು. ಜನ ಜೀಪು ಹತ್ತುವುದನ್ನು ಬಿಟ್ಟರು, ಕೊನೆಗೆ ಜೀಪೇ ಹೋಯಿತು. ಅವರು ತೀರಿಕೊಂಡ ದಿನ ಅಂಗಳದಲ್ಲಿ ಯಾರೋ, ಪಾಪ, ಕುಡಿತವೇ ತಿಂದುಹಾಕಿತು ಎಂದು ನಿಟ್ಟುಸಿರಿಟ್ಟದ್ದನ್ನು ಸುಮತಿ ತನ್ನ ಕಿವಿಯಾರೆ ಕೇಳಿಸಿಕೊಂಡಿದ್ದಳು.

ಮಂಗಳೂರಿನಿಂದ ಬೆಂಗಳೂರಿಗೆ ದಾಟಿದ ನಮ್ಮ ಅಲೆದಾಟ ನರರೋಗದ ಡಾಕ್ಟರಮ್ಮ ಒಬ್ಬರ ಮುಂದೆ ನಿಂತಿತು. ತಲೆಯ ಹಿಂಭಾಗದಲ್ಲಿ, ನಡಿಗೆಯನ್ನೂ ನುಡಿಯನ್ನೂ ಹದದಲ್ಲಿಡುವ ಕಿರುಮೆದುಳು ಮೆಲ್ಲಮೆಲ್ಲನೆ ಸವೆಯುವ ಕಾಯಿಲೆ. ತಂದೆಗೋ ತಾಯಿಗೋ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಣ್ಯ ಚಿಮ್ಮಿದಂತೆ, ಬಂದರೆ ಬಂತು, ಇಲ್ಲವಾದರೆ ಇಲ್ಲ. ಅಂದರೆ ಭಾವನದು ಕುಡಿತದ ಕಾಯಿಲೆಯಾಗಿರಲಿಲ್ಲ. ಕುಡಿಯಿಂದ ಕುಡಿಗೆ ಇಳಿಯುವ ಕಾಯಿಲೆಯಾಗಿತ್ತು. ಭಾಷೆ ಕೆಲವೊಮ್ಮೆ ಎಷ್ಟು ಕ್ರೂರವಾಗಿ ಆಟವಾಡುತ್ತದೆ ನೋಡಿ. ಔಷಧಿಯ ಮಾತು ಬಂದಾಗ ಡಾಕ್ಟರಮ್ಮ ಮರೆಮಾಚದೆ ಹೇಳಿದರು. ರೋಗ ಅಪರೂಪದ್ದು, ಒಂದೊಂದು ಆಸ್ಪತ್ರೆಗೆ ಒಬ್ಬಿಬ್ಬರು ಬರುತ್ತಾರೆ, ಯಾರೂ ಎಲ್ಲರನ್ನೂ ಒಟ್ಟಿಗೆ ಕಂಡವರಿಲ್ಲ. ಮದ್ದು ಹುಡುಕುವವರಿಗೆ ಮೊದಲು ಮನುಷ್ಯರು ಸಿಗಬೇಕು. ನಿಮ್ಮ ಸೀಮೆಯಲ್ಲಿ ಇನ್ನೂ ಮನೆಗಳಿರಬೇಕು, ಆದರೆ ಅವರು ಬಾಯಿಬಿಡುವುದಿಲ್ಲ ಎಂದರು.

ಬಾಯಿಬಿಡದವರ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನಾನು ವಿಮೆ ಏಜೆಂಟ್. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳ ಜಗಲಿಯಲ್ಲಿ ಮಜ್ಜಿಗೆ ಕುಡಿದು, ಮನೆಯಲ್ಲಿ ಯಾರಿಗಾದರೂ ಸೀಕು ಉಂಟಾ ಎಂದು ಕೇಳಿದವನು. ಎಂತದೂ ಇಲ್ಲ ಎಂಬ ಉತ್ತರವನ್ನು, ಒಳಕೋಣೆಯಿಂದ ಕೆಮ್ಮು ಕೇಳುತ್ತಿರುವಾಗಲೂ, ನಗುತ್ತ ಬರೆದುಕೊಂಡವನು. ಈಗ ಅದೇ ಜಗಲಿಗಳಿಗೆ, ಅದೇ ಪ್ರಶ್ನೆಯನ್ನು ಹೊತ್ತು, ಆದರೆ ಮಾರಲು ಕೈಯಲ್ಲಿ ಏನೂ ಇಲ್ಲದೆ ಹೋಗತೊಡಗಿದೆ. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡಲಾರೆ ಎಂದು ಸುಮತಿಯೂ ಕಾರಿನಲ್ಲಿ ಬರುತ್ತಿದ್ದಳು, ಇಳಿಯುತ್ತಿರಲಿಲ್ಲ. ನಮ್ಮ ಮಗಳು ಅನಘಾಳಿಗೆ ಆಗ ಸಂಬಂಧ ನೋಡುವ ವಯಸ್ಸು. ತನ್ನ ನಡಿಗೆಯನ್ನು ನಾಲ್ಕು ಜನ ಕಂಡರೆ ಮಗಳ ದಾರಿ ಮುಚ್ಚುತ್ತದೆ ಎಂಬ ಭಯ ಅವಳದು.

ಸುಳ್ಯದ ಆಚೆ ಕುಶಾಲಪ್ಪಣ್ಣ ಎಂಬ ಕೃಷಿಕರಿದ್ದರು. ನನ್ನದೇ ಹಳೆಯ ಗಿರಾಕಿ, ಮದುವೆಗೆ ಬೆಳೆದ ಮಗಳಿದ್ದವರು. ಇತ್ತೀಚೆಗೆ ಹಗಲಲ್ಲೇ ತೂರಾಡುತ್ತಾರೆಂಬ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ನಾವು ಹೋದಾಗ ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅವರ ಹೆಂಡತಿ ಲೀಲಕ್ಕ ನನ್ನ ಮಾತನ್ನು ಪೂರ್ತಿ ಕೇಳಿದರು; ಕೇಳುತ್ತ ಕೇಳುತ್ತ ಅವರ ಮುಖ ಬಿಗಿಯಿತು.

"ಇವರಿಗೆ ಸೀಕು ಎಂತ ಇಲ್ಲ," ಎಂದರು. "ಕುಡಿಯುದು ಜಾಸ್ತಿ, ಅಷ್ಟೆ."

ಗಂಡ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅಲ್ಲ ಎನ್ನಲಿಲ್ಲ. ತಲೆಯನ್ನು ಅಂಗಳದ ಕಡೆಗೆ ತಿರುಗಿಸಿದರು, ಅಷ್ಟೇ. ಕುಡುಕನ ಮಗಳಿಗೆ ಮದುವೆಯಾಗುತ್ತದೆ, ರೋಗಿಯ ಮಗಳಿಗೆ ಆಗುವುದಿಲ್ಲ ಎಂಬ ಲೆಕ್ಕವನ್ನು ಆ ಇಬ್ಬರೂ ಯಾವತ್ತೋ ಕೂತು ಮಾತಾಡಿ ಮುಗಿಸಿದ್ದರೆಂದು ನನಗೆ ಹೊಳೆದದ್ದು ಆಗ. ಆ ಮನುಷ್ಯ ಕಳಂಕವನ್ನೇ ಕವಚ ಮಾಡಿಕೊಂಡಿದ್ದರು.

ಕಾರಿನ ಬಾಗಿಲು ತೆರೆದ ಸದ್ದಾಯಿತು. ಸುಮತಿ ಇಳಿದಿದ್ದಳು. ಕಾರನ್ನು ಹಿಡಿಯಲಾದಷ್ಟು ದೂರ ಹಿಡಿದು, ಆಮೇಲೆ ಏನನ್ನೂ ಹಿಡಿಯದೆ, ಕಾಲುಗಳನ್ನು ಅಗಲಿಸಿ ಊರುತ್ತ, ಆ ಬದಿಗೊಮ್ಮೆ ಈ ಬದಿಗೊಮ್ಮೆ ವಾಲುತ್ತ ಅವಳು ಅಷ್ಟಗಲದ ಅಂಗಳವನ್ನು ಎಲ್ಲರ ಕಣ್ಣೆದುರೇ ದಾಟಿ ಬಂದಳು. ನಾನು ಎದ್ದು ಹೋಗಲು ನೋಡಿದೆ. ಅವಳು ಕಣ್ಣಿನಲ್ಲೇ ಬೇಡವೆಂದಳು. ಜಗಲಿಯ ಅಂಚನ್ನು ಹಿಡಿದುಕೊಂಡು, ಒಂದೊಂದೇ ಶಬ್ದವನ್ನು ಕಷ್ಟದಿಂದ ಹೊರಗಿಡುತ್ತ ಹೇಳಿದಳು: "ನನ್ನ ಅಣ್ಣನನ್ನು ಸಹ ಕುಡುಕ ಅಂತಲೇ ಕಳಿಸಿದ್ದು ಅಕ್ಕ. ಅವ ಕುಡಿದವನಲ್ಲ."

ಲೀಲಕ್ಕ ಅವಳ ಕಾಲುಗಳನ್ನೇ ನೋಡುತ್ತಿದ್ದರು. ತಮ್ಮ ಗಂಡನ ಹೆಜ್ಜೆಗಳನ್ನು ಬೇರೊಬ್ಬರ ಮೈಯಲ್ಲಿ ಅವರು ಮೊದಲ ಸಲ ಕಾಣುತ್ತಿದ್ದರು. ಒಳಗಿನಿಂದ ಕುರ್ಚಿ ತಂದು ಸುಮತಿಯನ್ನು ಕೂರಿಸಿದರು. ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡು, "ಇವರು ಒಂದು ದಿನ ಸಹ ಕುಡಿದವರಲ್ಲ," ಎಂದರು. ಕುಶಾಲಪ್ಪಣ್ಣ ಆಗ ಅತ್ತರು. ತಮ್ಮ ಕಾಯಿಲೆಗಲ್ಲ, ಆ ಒಂದು ಮಾತಿಗೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅಲ್ಲಿಂದ ಒಂದು ಮನೆ ಇನ್ನೊಂದನ್ನು ಕರೆದುಕೊಂಡು ಬಂತು. ನನ್ನ ಕೈಲಾಗದ್ದನ್ನು ಲೀಲಕ್ಕ ಮಾಡಿದರು. ಅವರದೇ ಅರೆಭಾಷೆ ಆಡುವ ಸುಳ್ಯದ ಕಡೆಯ ಮನೆಗಳ ಒಳಬಾಗಿಲುಗಳು ಅವರಿಗೆ ತೆರೆದುಕೊಂಡವು. ಮಂಗಳೂರಿನ ಒಬ್ಬ ವೈದ್ಯರು, ಬೆಂಗಳೂರಿನ ಡಾಕ್ಟರಮ್ಮ, ಕೇರಳದ ಕಡೆಯ ಇನ್ನೊಬ್ಬರು ಮೊದಮೊದಲು ತಮ್ಮ ತಮ್ಮ ರೋಗಿಗಳ ವಿವರವನ್ನು ಒಬ್ಬರಿಗೊಬ್ಬರು ಕೊಡಲು ಹಿಂಜರಿದರು; ಜಗಲಿಗಳಿಗೆ ಮಾತ್ರವಲ್ಲ, ಆಸ್ಪತ್ರೆಗಳಿಗೂ ಬಾಯಿಬಿಡಲು ಸಂಕೋಚವಿರುತ್ತದೆ. ಕೊನೆಗೆ ಹೆಸರುಗಳನ್ನು ಮರೆಮಾಡಿ, ರಕ್ತವನ್ನೂ ನಡಿಗೆಯ ಅಳತೆಯನ್ನೂ ಒಂದೆಡೆ ಸೇರಿಸುವುದೆಂದು ಒಪ್ಪಂದವಾಯಿತು. ಮಳೆಗಾಲ ಕಳೆದು ಉಪ್ಪಿನಂಗಡಿಯ ಒಂದು ಸಭಾಭವನದಲ್ಲಿ ಎಲ್ಲರೂ ಮೊದಲ ಬಾರಿಗೆ ಸೇರಿದಾಗ, ಬಾಗಿಲಲ್ಲಿ ನಿಂತು ನಾನು ಕಂಡ ದೃಶ್ಯವನ್ನು ಹೇಗೆ ಹೇಳಲಿ? ಒಳಬರುತ್ತಿದ್ದ ಪ್ರತಿಯೊಬ್ಬರೂ ಒಂದೇ ರೀತಿ ವಾಲುತ್ತಿದ್ದರು, ಮತ್ತು ಆ ಒಂದು ದಿನ ಅಲ್ಲಿ ಯಾರೂ ಯಾರನ್ನೂ ಕುಡುಕನೆನ್ನಲಿಲ್ಲ.

ದುಃಖದ ಸುದ್ದಿಗಳು ಒಳ್ಳೆಯ ಸುದ್ದಿಗಳ ಕೈಹಿಡಿದೇ ಬರುತ್ತವೆ, ಗೆಳೆಯರೆ. ಹೊಸದೊಂದು ಔಷಧಿಯ ಪರೀಕ್ಷೆಗೆ ನಮ್ಮ ಗುಂಪನ್ನೂ ಸೇರಿಸಿಕೊಳ್ಳುತ್ತಾರೆಂದು, ಕೆಲವು ವರ್ಷಗಳ ಮೇಲೆ, ಮಳೆ ಹಿಡಿಯುವ ಹೊತ್ತಿಗೆ ಡಾಕ್ಟರಮ್ಮ ಫೋನು ಮಾಡಿದರು. ಆದರೆ ಅದು ಆಸರೆಯಿಲ್ಲದೆ ಒಂದಷ್ಟಾದರೂ ನಡೆಯಬಲ್ಲವರಿಗೆ ಮಾತ್ರ. ಸುಮತಿ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. ಗಂಜಿಯ ಗುಟುಕೂ ಗಂಟಲಲ್ಲಿ ದಾರಿ ತಪ್ಪುತ್ತಿತ್ತು. ಈ ಮಾತನ್ನು ಅವಳಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದರೆ, ಫೋನಿನ ಮಾತು ಕೇಳಿಸಿಕೊಂಡಿದ್ದ ಅವಳೇ, ನಾನು ಬಗ್ಗಿ ಕಿವಿಗೊಟ್ಟರಷ್ಟೇ ತಿಳಿಯುವ ದನಿಯಲ್ಲಿ, "ಕುಶಾಲಪ್ಪಣ್ಣನಿಗೆ ಆಗ್ತದಲ್ಲ," ಎಂದಳು. ಔಷಧಿ ಅವರಿಗೆ ಹಿಡಿಯಿತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅದು ತಿಳಿಯಲು ವರ್ಷಗಳು ಬೇಕಂತೆ. ಸುಮತಿ ಆ ಮಳೆಗಾಲವನ್ನು ದಾಟಲಿಲ್ಲ.

ಉಪ್ಪಿನಂಗಡಿಯಲ್ಲಿ ಆಗಾಗ ನಡೆಯುತ್ತಿದ್ದ ನಮ್ಮ ಗುಂಪಿನ ಶಿಬಿರಗಳಲ್ಲಿ, ಅವಳು ಹೋದ ಮೇಲಿನ ಮೊದಲನೆಯದಕ್ಕೆ ಹೋಗುವ ಮನಸ್ಸು ನನಗಿರಲಿಲ್ಲ. ಹೊರಡಿಸಿದವಳು ಅನಘಾ. ರೋಗಿಗಳ ಮಕ್ಕಳ ರಕ್ತವೂ ಅಧ್ಯಯನಕ್ಕೆ ಬೇಕಿತ್ತು. ತಾನೂ ಕೊಡುತ್ತೇನೆಂದು ಅವಳು ದಾರಿಯಲ್ಲಿ ಹೇಳಿದಾಗ ನಾನು ಕಾರನ್ನು ಬದಿಗೆ ನಿಲ್ಲಿಸಿ, ಆಮೇಲೆ ಮತ್ತೆ ಹೊರಟೆ. ಒಳಗೆ ನರ್ಸ್, ಫಲಿತಾಂಶ ನಿಮಗೆ ತಿಳಿಸಬೇಕೋ ಬೇಡವೋ ಎಂದು ಕೇಳಿದರು, ಎರಡಕ್ಕೂ ಅವಕಾಶವಿತ್ತು.

"ರಕ್ತ ತಕೊಳ್ಳಿ, ಕೆಲಸಕ್ಕೆ ಬರಲಿ," ಎಂದಳು ಅನಘಾ. "ನನಗೆ ಗೊತ್ತಾಗುದು ಬೇಡ." ಮತ್ತೆ ನನ್ನ ಕಡೆ ತಿರುಗಿ, "ಅಪ್ಪ, ನೀವು ಸಹ ಕೇಳ್ಬಾರ್ದು," ಎಂದಳು.

ಬದುಕಿಡೀ ಕೇಳುವುದನ್ನೇ ಕಸುಬು ಮಾಡಿಕೊಂಡವನು ನಾನು. ಆಗಲಿ ಎಂದೆ.

ಅವಳು ತೋಳಿನ ಮಡಿಕೆಯಲ್ಲಿ ಹತ್ತಿ ಒತ್ತಿ ಹಿಡಿದು ಸಭಾಭವನದ ಮೆಟ್ಟಿಲಿಳಿಯತೊಡಗಿದಳು. ನಾನು ಎರಡು ಹೆಜ್ಜೆ ಹಿಂದಿದ್ದೆ. ನಡು ಮೆಟ್ಟಿಲಿಗೆ ಬಂದಾಗ ಅವಳು ತಿರುಗದೆಯೇ ಹೇಳಿದಳು:

"ನನ್ನ ಕಾಲು ನೋಡ್ಬೇಡಿ ಅಪ್ಪ. ಒಟ್ಟಿಗೆ ಬನ್ನಿ."