ಹತ್ತಕ್ಕೆ ಮೂರು

ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ವ್ಯಸನಮುಕ್ತಿ ಕೇಂದ್ರದ ಸಲಹೆಗಾರರ ಕೈಗೆ ಅವರದೇ ಕೋಣೆಯ ಬಾಗಿಲ ಹಿಡಿಕೆ ಕಿತ್ತು ಬಂತು. ಮನಸ್ಸಿನ ಬಾಗಿಲು ತೆರೆಯುವ ಬಗ್ಗೆ ಇಪ್ಪತ್ತು ವರ್ಷ ಭಾಷಣ ಬಿಗಿದವರು ಈಗ "ಯಾರಾದ್ರೂ ಇದೀರೇನ್ರೋ?" ಎಂದು ಒಳಗಿನಿಂದ ಕೂಗಬೇಕಾಯಿತು.

ಬಂದವನು ಬೀಗ ರಿಪೇರಿಯವನು, ಮಾದಕ ಪುಡಿಯ ಚಟ ಬಿಡಲು ಸೇರಿದ್ದವನು. ಬಿಡುವುದಕ್ಕೆ ಎಷ್ಟು ಸಿದ್ಧ, ಹತ್ತಕ್ಕೆ ಎಷ್ಟು ಅಂಕ ಎಂದು ವಾರವಾರ ಕೇಳಿದರೂ "ಹತ್ತಕ್ಕೆ ಮೂರು" ಎನ್ನುತ್ತಿದ್ದ. ಇವತ್ತೂ ಮೂರೇ ಎಂದರೆ, ಬಿಡುವ ಮನಸ್ಸಿಲ್ಲದವನೆಂದು ಅವನನ್ನು ಮನೆಗೆ ಕಳಿಸುವುದೆಂದು ಸಲಹೆಗಾರರು ಚೀಟಿ ಬರೆದಿಟ್ಟಿದ್ದರು.

ಅವನು ಹೊರಗಿನಿಂದ ಬೀಗದೊಳಗೆ ತೂರಿಸಿದ ಚಮಚದ ಹಿಡಿ ಎರಡು ಸಲ ತಿರುಗಿತು. ಕನಸಿನ ಬಾಗಿಲಿನಂತೆ ಸದ್ದಿಲ್ಲದೆ ಬಾಗಿಲು ತೆರೆಯಿತು.

"ಗಾಬರಿ ಆಯ್ತಾ ಸಾರ್?"

"ಛೇ, ಗಾಬರಿ ಏನಿಲ್ಲಪ್ಪ," ಎಂದು ಸಲಹೆಗಾರರು ಬೆವರೊರೆಸಿಕೊಂಡರು. "ಹಾಗಾದ್ರೆ ಹೊರಗಿನ ಗೇಟೂ ತೆಗೀತೀಯಾ?"

"ದಿನಾ ತೆಗೀತೀನಿ ಸಾರ್, ಎಲ್ಲ ಮಲಗಿರೋವಾಗ. ಎದುರಿಗೇ ಪುಡಿ ಮಾರೋನು ನಿಂತು ಕೈ ಬೀಸ್ತಾನೆ. ಸ್ವಲ್ಪ ಹೊತ್ತು ನೋಡ್ತೀನಿ. ಆಮೇಲೆ ಬೀಗ ಹಾಕ್ಕೊಂಡು ಬಂದು ಮಲಗ್ತೀನಿ."

ಸಲಹೆಗಾರರು ಚೀಟಿಯನ್ನು ಮೆಲ್ಲಗೆ ಹರಿದರು.

"ಇಷ್ಟೆಲ್ಲ ಮಾಡೋನು ಮೂರೇ ಅಂತ ಯಾಕಪ್ಪಾ ಹೇಳ್ತಿದ್ದೆ?"

"ಹತ್ತು ಅಂದ್ರೆ ವಾಸಿಯಾಯ್ತು ಅಂತ ಮನೆಗೆ ಕಳಿಸಿಬಿಡ್ತೀರಲ್ಲ ಸಾರ್. ನಮ್ಮನೆಗೆ ಗೇಟಿಲ್ಲ."