ಅಮೆರಿಕದ ಮುಸುಕಿನ ಜೋಳ, ಮಾಲೀಕರ ಮುಖಾಂತರ

ಆ ಭಾನುವಾರ ನೈರೋಬಿಯ ನಮ್ಮ ಚರ್ಚಿನ ಸಭೆಯಲ್ಲಿ ಕಾಣಿಕೆ ತಟ್ಟೆ ಎರಡು ಸಲ ಬರುತ್ತದೆಂದು ಬಹಳ ಮುಂಚೆಯೇ ಪ್ರಕಟಣೆಯಾಗಿತ್ತು. ಮೊದಲ ಸುತ್ತಿಗೆ ಎಂದಿನಂತೆ ಶಿಲ್ಲಿಂಗು, ಎರಡನೆಯ ಸುತ್ತಿಗೆ ಪತ್ರ. ನೋಟನ್ನು ಮಡಚಿ, ಎಷ್ಟರದೆಂದು ಪಕ್ಕದವರಿಗೆ ತಿಳಿಯದ ಹಾಗೆ ತಟ್ಟೆಗೆ ಜಾರಿಸುವ ಕಲೆಯನ್ನು ನಾನು ಮೈಸೂರಿನ ಚರ್ಚಿನಲ್ಲೇ ಕರಗತ ಮಾಡಿಕೊಂಡು ಬಂದಿದ್ದೆ. ಪತ್ರವನ್ನು ಹಾಗೆ ಜಾರಿಸಲು ಬರುವುದಿಲ್ಲ. ಅದರ ಕೆಳಗೆ ಹೆಸರು ಬರೆಯಬೇಕು.

ಇದನ್ನು ಶುರು ಮಾಡಿದವರು ರುಂಡಾ ಬಡಾವಣೆಯ ಮಗನ ಮನೆಯಲ್ಲಿದ್ದ ಒಬ್ಬ ಅಮೆರಿಕನ್ ಅಜ್ಜಿ, ನಿವೃತ್ತ ಶಾಲಾ ಶಿಕ್ಷಕಿ. ಅವರ ಊರಿನ ಚರ್ಚಿನಲ್ಲಿ ಜನ ಹಸಿವಿನ ಬಗ್ಗೆ ತಮ್ಮ ಸಂಸದರಿಗೆ ಪತ್ರ ಬರೆದು, ಕಾಣಿಕೆಯ ಜೊತೆ ಅದನ್ನೂ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಆಮೇಲೆ ಅಂಚೆಗೆ ಹಾಕುತ್ತಾರಂತೆ. ಬಡ ದೇಶಗಳಿಗೆ ಕೊಡುವ ನೆರವನ್ನು ಬರೀ ಹೆಚ್ಚಿಸಿ ಅಂತಲ್ಲ, ಹಸಿದವರ ಹೊಟ್ಟೆಗೆ ನೆಟ್ಟಗೆ ಹೋಗುವ ಹಾಗೆ ಕೊಡಿ ಎಂದು. ನಮ್ಮ ನೈರೋಬಿ ಸಭೆಯಲ್ಲೂ ಅಮೆರಿಕನ್ನರು ಸಾಕಷ್ಟಿದ್ದರು. ಅವರು ತಮ್ಮ ಸಂಸದರಿಗೆ ಬರೆಯುವುದು. ಅಲ್ಲಿ ವೋಟಿಲ್ಲದ ನಾವು, ಅಂದರೆ ಕೀನ್ಯಾದವರೂ ಇಂಡಿಯನ್ನರೂ, ಕಣ್ಣಾರೆ ಕಂಡದ್ದನ್ನು ಬರೆದು ಅವರ ಪತ್ರಗಳಿಗೆ ಲಗತ್ತಿಸುವುದು ಎಂದು ಏರ್ಪಾಟಾಯಿತು. ಒಂದೇ ಪುಟ, ಸ್ವಂತ ಕೈಬರಹ, ಒಂದೇ ಬೇಡಿಕೆ. ಆ ವರ್ಷದ ಬೇಡಿಕೆ ಇದು: ಅಮೆರಿಕದಿಂದ ಹಡಗಿನಲ್ಲಿ ಜೋಳ ಕಳಿಸುವ ಬದಲು, ಆ ದುಡ್ಡಿನಲ್ಲಿ ಹಸಿವಿರುವ ಜಾಗದ ಹತ್ತಿರದ ರೈತರಿಂದಲೇ ಕೊಳ್ಳಲು ಬಿಡಿ.

ಇಷ್ಟು ನ್ಯಾಯವಾದ ಬೇಡಿಕೆ ಕೇಳಿ ಇಡೀ ಸಭೆಯಲ್ಲಿ ತನ್ನ ಸಂಬಳದ ಲೆಕ್ಕ ಹಾಕಿದವನು ನಾನೊಬ್ಬನೇ. ನನ್ನ ಮನೆಯ ಒಲೆ ಉರಿಯುತ್ತಿದ್ದುದೇ ಆ ಹಡಗಿನ ಜೋಳದಿಂದ.

ನಾನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬ ಗುಜರಾತಿ ಮಾಲೀಕರ ಗೋಡೌನಿಗೆ ಮ್ಯಾನೇಜರ್. ಮೊಂಬಾಸಾ ಬಂದರಿನಲ್ಲಿ ಇಳಿದ ನೆರವಿನ ಮುಸುಕಿನ ಜೋಳ ಲಾರಿಗಳಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಹರಿದ ಚೀಲ ಬದಲಿಸಿ, ಹುಳು ಹಿಡಿಯದಂತೆ ಔಷಧ ಹಾಕಿ, ಕಾಗದಪತ್ರ ಬರುವವರೆಗೆ ಕಾಯ್ದು, ಉತ್ತರದ ಒಣ ಸೀಮೆಗೆ ಕಳಿಸುವುದು ನಮ್ಮ ಪುಣ್ಯಕಾರ್ಯ. ಪುಣ್ಯಕ್ಕೆ ಬಾಡಿಗೆ ಚೆನ್ನಾಗಿಯೇ ಬರುತ್ತಿತ್ತು. ಹಡಗು ನಿಂತರೆ ಗೋಡೌನು ಖಾಲಿ. ಖಾಲಿ ಗೋಡೌನಿಗೆ ಮ್ಯಾನೇಜರ್ ಯಾಕೆ? ಸಾಲದ್ದಕ್ಕೆ ಅದೇ ತಿಂಗಳು ನನ್ನ ವರ್ಕ್ ಪರ್ಮಿಟ್ಟು ಮುಗಿಯುತ್ತಿತ್ತು. ನವೀಕರಣದ ಅರ್ಜಿಗೆ ಮಾಲೀಕರ ಸಹಿ ಬೀಳದಿದ್ದರೆ ನಾನು, ಹೆಂಡತಿ, ಪರೀಕ್ಷೆಗೆ ಓದುತ್ತಿದ್ದ ಮಗಳು, ಮೂವರೂ ಗಂಟುಮೂಟೆ ಕಟ್ಟಬೇಕು. ಫೋನು ಬಂದರೂ ಗಾಬರಿ, ಬರದಿದ್ದರೂ ಗಾಬರಿ ಎನ್ನುವ ಪೈಕಿ ನಾನು. ಇಂಥ ನಿಜವಾದ ಕಾರಣ ಸಿಕ್ಕರೆ ಬಿಡುತ್ತೇನೆಯೇ?

ದೇವರ ಹಾಸ್ಯಪ್ರಜ್ಞೆ ದೊಡ್ಡದು. ಪತ್ರ ಸಮಿತಿಗೆ ಕಾರ್ಯದರ್ಶಿಯಾಗಿ ಆಯ್ಕೆಯಾದವಳು ನನ್ನ ಹೆಂಡತಿ.

"ರೀ, ಅಜ್ಜಿ ಕೇಳ್ತಿದ್ರು. ಇಡೀ ಸಭೇಲಿ ಆ ಜೋಳಾನ ಕೈಯಾರೆ ಮುಟ್ಟಿರೋರು ನೀವೊಬ್ರೇ ಅಂತೆ. ನೀವು ಬರೀಲೇಬೇಕು."

"ಮುಟ್ಟಿದೀನಿ. ಅದಕ್ಕೇ ಕಣೇ ಸಂಬಳ ಕೊಡ್ತಿರೋದು."

"ಸಂಬಳ ಮುಟ್ಟೋದಕ್ಕೆ ತಾನೆ? ಬಾಯಿ ಮುಚ್ಕೊಂಡಿರೋದಕ್ಕಲ್ವಲ್ಲ."

"ಎರಡಕ್ಕೂ ಸೇರಿಸಿ ಕೊಡ್ತಾರೆ. ಪೇ ಸ್ಲಿಪ್ಪಲ್ಲಿ ಬೇರೆ ಬೇರೆ ತೋರಿಸಲ್ಲ, ಅಷ್ಟೆ."

ಒಳಗಿನ ರೂಮಿನಿಂದ ಮಗಳ ದನಿ ಬಂತು: "ಅಪ್ಪಾ, ಜಸ್ಟ್ ರೈಟ್ ಇಟ್. ನೋಬಡಿ ರೀಡ್ಸ್ ದೀಸ್ ಥಿಂಗ್ಸ್." ಮಕ್ಕಳು ಧೈರ್ಯ ತುಂಬುವ ರೀತಿಯೇ ಬೇರೆ.

ಬರೆಯಲು ವಿಷಯವಿರಲಿಲ್ಲ ಎಂದೇನಲ್ಲ. ಕೆಲವು ವಾರಗಳ ಹಿಂದೆ ಪಶ್ಚಿಮದ ಜೋಳದ ಸೀಮೆ ಕಿಟಾಲೆ ಕಡೆಯ ಒಬ್ಬ ಮನುಷ್ಯ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಮುಸುಕಿನ ಜೋಳದ ಮಾದರಿ ಹಿಡಿದು ನಮ್ಮ ಗೇಟಿಗೆ ಬಂದಿದ್ದ. ಅವರ ಕಡೆ ಆ ಸಲ ಬೆಳೆ ಚೆನ್ನಾಗಿತ್ತು, ಕೊಳ್ಳುವವರಿರಲಿಲ್ಲ. ನೀವು ಕೊಳ್ಳುತ್ತೀರಾ ಎಂದು ಕೇಳಿದ. ನಾವು ಕೊಳ್ಳುವುದಿಲ್ಲ, ಇಟ್ಟುಕೊಳ್ಳುತ್ತೇವೆ ಅಷ್ಟೆ, ಎಂದೆ. ಅವನು ನನ್ನ ಹೆಗಲಾಚೆ ಮಾಡಿನವರೆಗೂ ಪೇರಿಸಿದ್ದ ಚೀಲಗಳನ್ನು ನೋಡಿದ.

"ಅದು ಎಲ್ಲಿಯದು?"

"ಅಮೆರಿಕದ್ದು."

"ಹಳದಿಯದಾ?"

"ಹೌದು."

ಇಲ್ಲಿ ನಮ್ಮ ಮುದ್ದೆಯ ತಮ್ಮನಂತಿರುವ ಉಗಾಲಿ ಬೆಳ್ಳಗೇ ಇರಬೇಕು. ಹಳದಿ ಜೋಳವೆಂದರೆ ದನದ ಮೇವು ಎಂದು ಮೂಗು ಮುರಿಯುತ್ತಾರೆ. ಅವನು ಮೂಗು ಮುರಿಯಲಿಲ್ಲ. "ಅಸಾಂಟೆ" ಎಂದು ಹೇಳಿ ಹೊರಟುಹೋದ. ಯಾತಕ್ಕೆ ಧನ್ಯವಾದ ಹೇಳಿದನೋ ತಿಳಿಯದು. ಅವನು ನೋಡಿದ ಆ ಚೀಲಗಳನ್ನು ಉತ್ತರದವರು ಬೇಸಿಗೆಯ ಉರಿಯಲ್ಲಿ ಕೇಳಿದ್ದರು. ಅವು ಸಾಗರ ದಾಟಿ, ಬಂದರು ದಾಟಿ, ನನ್ನ ಗೋಡೌನಿಗೆ ಬರುವ ಹೊತ್ತಿಗೆ ಅಲ್ಲಿ ಮಳೆಯೂ ಬಂದು ಹೋಗಿತ್ತು. ನಡುವಿನ ತಿಂಗಳುಗಳಲ್ಲಿ ಅವರು ಏನು ತಿಂದರೆಂಬುದು ನಮ್ಮ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ಕೊನೆಗೂ ಬರೆದೆ. ಮೊದಲ ಪ್ರತಿಯಲ್ಲಿ ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥಗೊಳಿಸುತ್ತಿರುವುದಕ್ಕೆ ಕ್ಷಮೆ, ವಿನಮ್ರ ಅರಿಕೆ, ಸೂಕ್ತ ಕ್ರಮಕ್ಕೆ ಪ್ರಾರ್ಥನೆ ಎಲ್ಲ ಇದ್ದವು. ಹೆಂಡತಿ ಓದಿ, "ಎಲ್ಲಾ ಸರಿ, ಇದರಲ್ಲಿ ಜೋಳ ಎಲ್ಲಿದೆ?" ಎಂದಳು. ಎರಡನೆಯ ಪ್ರತಿಯಲ್ಲಿ ಜೋಳ ಬಂತು, ಗೇಟಿಗೆ ಬಂದವನೂ ಬಂದ. ಅವಳು ಮೆಚ್ಚಿದಳು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಕೀನ್ಯಾಕ್ಕೆ ಬರುವ ಮೊದಲು ನಾನು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಪಳಗಿದವನು. ಅಲ್ಲಿ ಅರ್ಧ ದಿನದ ರಜೆಯೂ ಮೇಲಧಿಕಾರಿಗಳ ಮುಖಾಂತರವೇ ಹೋಗಬೇಕು. ಮೇಲಿನವರಿಗೆ ತಿಳಿಸದೆ ಹೊರಗಿನವರಿಗೆ ಕಾಗದ ಬರೆಯಲು ಕೈಯೇ ಏಳದು. ಹಾಗಾಗಿ ಎಡಗಡೆ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ 'ವ್ಯವಸ್ಥಾಪಕ ನಿರ್ದೇಶಕರ ಮುಖಾಂತರ' ಎಂದು ಬರೆದು, ಅಡಿಗೆರೆ ಎಳೆದು, ಶುಕ್ರವಾರ ಮಾಲೀಕರ ಮೇಜಿನ ಮೇಲಿಟ್ಟೆ.

ಮಾಲೀಕರು ನೈರೋಬಿಯ ನ್ಗಾರಾದಲ್ಲೇ ಹುಟ್ಟಿ ಬೆಳೆದವರು. ಹಿಂದಿ, ಇಂಗ್ಲಿಷು, ಸ್ವಾಹಿಲಿ ಬೆರೆಸಿ ಮಾತಾಡುತ್ತಿದ್ದರು. ಇಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇನೆ.

"ಏನಿದು ಮ್ಯಾನೇಜರ್ ಸಾಬ್, ರಜಾ ಅರ್ಜಿನಾ?"

"ಅಲ್ಲ ಸರ್, ಅಮೆರಿಕದ ಸಂಸದರಿಗೆ ಒಂದು ಪತ್ರ. ತಮ್ಮ ಗಮನಕ್ಕೆ. ಹಾಗೇ ಒಂದು ಸಹಿ..."

ಅವರು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.

"ನಮ್ಮ ಗೋಡೌನಿಗೆ ಮಾಲು ಕಳಿಸಬೇಡಿ ಅಂತ ಬರೆದಿದೀಯ."

"ಹಾಗಂತ ಅಲ್ಲ ಸರ್. ಹತ್ತಿರದಲ್ಲೇ ಕೊಳ್ಳಿ ಅಂತ."

"ಅದಕ್ಕೆ ನನ್ನ ಸಹಿ ಬೇಕು."

"ಅಭ್ಯಂತರ ಇಲ್ಲ ಅಂದರೆ ಸಾಕು ಸರ್."

"ಅರೇ ಭಾಯಿ! ನನ್ನ ಕತ್ತು ಕುಯ್ಯೋಕೆ ಹೊರಟೋನು, ಚಾಕು ಹರಿತ ಇದೆಯಾ ನೋಡಿ ಅಂತ ನನ್ನ ಕೈಗೇ ಕೊಡ್ತೀಯಲ್ಲ! ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಪ್ರಾಮಾಣಿಕನ್ನ ನೋಡಿಲ್ಲ ನಾನು."

ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಪತ್ರವನ್ನು ಟ್ರೇಯಲ್ಲಿದ್ದ ನನ್ನ ಪರ್ಮಿಟ್ಟಿನ ಅರ್ಜಿಯ ಮೇಲಿಟ್ಟು ಹೇಳಿದರು: "ಇಟ್ಟು ಹೋಗು. ಎರಡನ್ನೂ ಸೋಮವಾರ ನೋಡ್ತೀನಿ."

'ಎರಡನ್ನೂ' ಎಂಬ ಆ ಮಾತನ್ನು ಮಟಾಟು ವ್ಯಾನಿನ ಕಿಟಕಿ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ.

"ಯಾರಿಗೆ ತೋರಿಸಿದ್ರಿ?" ಹೆಂಡತಿಗೆ ತನ್ನ ಕಿವಿಯ ಮೇಲೇ ನಂಬಿಕೆಯಿರಲಿಲ್ಲ.

"ಮಾಲೀಕರಿಗೆ. ಪದ್ಧತಿ ಕಣೇ."

"ಪದ್ಧತಿ! ಯಾವ ಪ್ರವಾದಿ ರೀ, ಅರಸನ ಹತ್ರ ಮೊದಲು ಸಹಿ ಹಾಕಿಸ್ಕೊಂಡು ಆಮೇಲೆ ಬುದ್ಧಿ ಹೇಳಿದ್ದು?"

ಆಮೇಲೆ ಟ್ರೇಯ ವಿಷಯ ಹೇಳಿದೆ. ಅವಳು ಕುರ್ಚಿ ಎಳೆದು ಕೂತಳು. "ನೀವು ಬರೀಬೇಡಿ ಬಿಡಿ. ಅಜ್ಜಿಗೆ ನಾನೇ ಹೇಳ್ತೀನಿ," ಎಂದಳು. ಬೈದಿದ್ದರೆ ಎಷ್ಟೋ ಹಗುರಾಗಿರುತ್ತಿತ್ತು.

ಭಾನುವಾರ ಸಭೆಯ ಹಿಂಭಾಗದ ಮೇಜುಗಳ ಮೇಲೆ ಕಾಗದ, ಪೆನ್ನು ಇಟ್ಟಿದ್ದರು. ಜನ ತಲೆ ತಗ್ಗಿಸಿ ಬರೆಯುತ್ತಿದ್ದರು. ನಮ್ಮವರೇ ಒಬ್ಬರು ಹಸಿವಿಗೆ ಎರಡು ಸಾಲು ಕೊಟ್ಟು, ಉಳಿದ ಪುಟದಲ್ಲಿ ಮಗನ ಅಮೆರಿಕದ ವೀಸಾ ವಿಷಯ ವಿವರಿಸಿದ್ದರು. ಒಂದೇ ಬೇಡಿಕೆ ಎಂಬ ನಿಯಮವಿದ್ದುದರಿಂದ ಅಜ್ಜಿ ಒಂದನ್ನು ಹೊಡೆದುಹಾಕಬೇಕಾಯಿತು. ಹಸಿವನ್ನೇ ಉಳಿಸಿಕೊಂಡರು.

ನನ್ನ ಪತ್ರ ಮಾಲೀಕರ ಟ್ರೇಯಲ್ಲಿತ್ತು. ಕಡತ ಮೇಲಿನವರ ಪರಿಶೀಲನೆಯಲ್ಲಿದೆ ಎನ್ನುವುದಕ್ಕಿಂತ ಭದ್ರವಾದ ನೆಪ ನಮ್ಮ ಜನಕ್ಕೆ ಇನ್ನೊಂದಿಲ್ಲ. ಅದನ್ನೇ ಹೊದ್ದು ಕೂತಿದ್ದೆ. ಶಿಲ್ಲಿಂಗಿನ ತಟ್ಟೆ ಬಂತು, ಜಾರಿಸಿದೆ. ಪಕ್ಕದ ಸಾಲಿನಲ್ಲಿ ಯಾರದೋ ಹೊಟ್ಟೆ ಗುರ್ ಎಂದಿತು. ಆರಾಧನೆ ಉದ್ದವಾಗಿತ್ತು, ಅಷ್ಟೆ. ಒಂದು ಹೊತ್ತಿನ ತಿಂಡಿ ತಡವಾದದ್ದಕ್ಕೇ ಈ ಸದ್ದು. ಎದ್ದು ಹಿಂದೆ ಹೋಗಿ ಒಂದು ಹಾಳೆ ತೆಗೆದುಕೊಂಡೆ. ಕೇಳಿದ ತಿಂಗಳು ಬಾರದ ಜೋಳ, ಗೇಟಿನಿಂದ ಹಿಂದಿರುಗಿದ ಜೋಳ, ಎರಡನ್ನೂ ಬರೆದೆ. ಎಡಗಡೆ ಅಂಚನ್ನು ಖಾಲಿ ಬಿಟ್ಟೆ. ಹೆಂಡತಿ ಬಂದು ಭುಜದ ಹಿಂದೆ ನಿಂತಳು.

"ಪೂರ್ತಿ ಹೆಸರು ಬೇಡ ರೀ, ಇನಿಷಿಯಲ್ ಸಾಕು," ಎಂದು ಪಿಸುಗುಟ್ಟಿದಳು. ಇಷ್ಟು ವರ್ಷ ಜೊತೆಯಲ್ಲಿದ್ದು ನನ್ನ ಕಾಯಿಲೆ ಅವಳಿಗೂ ತಗುಲಿತ್ತು. ನಾನು ಪೂರ್ತಿ ಹೆಸರನ್ನೇ ಬರೆದೆ. ಎರಡನೆಯ ಸುತ್ತಿನ ತಟ್ಟೆ ಬಂದಾಗ ಮಡಚದೆಯೇ ಹಾಕಿದೆ.

ಸೋಮವಾರ ಮಾಲೀಕರ ಮುಂದೆ ನಿಂತಾಗ ಪತ್ರದ ತುಂಬ ಕೆಂಪು ಶಾಯಿ. ನನ್ನ ಇಂಗ್ಲಿಷು ತಿದ್ದಿದ್ದರು. ಕೊನೆಯಲ್ಲಿ ತಮ್ಮದೇ ಒಂದು ಪ್ಯಾರಾ ಸೇರಿಸಿದ್ದರು: ಕೀನ್ಯಾದ ಜೋಳ ಕೊಳ್ಳಲು, ಒಣಗಿಸಲು, ದಾಸ್ತಾನಿಡಲು ನಮ್ಮ ಕಂಪನಿ ಸದಾ ಸಿದ್ಧ.

"ಲೆಟರ್‌ಹೆಡ್ಡಲ್ಲಿ ಟೈಪ್ ಮಾಡಿಸು. ಸಹಿ ಹಾಕ್ತೀನಿ."

"ಸರ್, ನಿನ್ನೆಯೇ ಬೇರೆ ಬರೆದು ಹಾಕಿಬಿಟ್ಟೆ."

"ನನ್ನ ಸಹಿ ಇಲ್ಲದೆ?"

"ಹೌದು ಸರ್."

ಅವರು ನನ್ನನ್ನು ನೋಡಿದ ಆ ಹೊತ್ತಿನಲ್ಲಿ ನಾನು ಮನಸ್ಸಿನಲ್ಲೇ ಮನೆ ಖಾಲಿ ಮಾಡಿ, ಫ್ರಿಜ್ಜನ್ನು ಪಕ್ಕದ ಮನೆಯವರಿಗೆ ಮಾರಿ, ವಿಮಾನ ಹತ್ತಿಯಾಗಿತ್ತು.

"ನೀನು ಮಾಡಿದ ಕೆಲಸದಲ್ಲೆಲ್ಲ ಇದೊಂದೇ ಕೇಳದೆ ಮಾಡಿದ್ದು," ಎಂದರು. "ಜೋಳ ಎಲ್ಲಿಂದ ಬಂದರೂ ಮರದ ಕೆಳಗೆ ಸುರೀತಾರಾ? ಗೋಡೌನ್ ಬೇಕೇ ಬೇಕು. ಅಷ್ಟೂ ಹೊಳೀಲಿಲ್ವಾ ನಿನಗೆ?"

ಹೊಳೆದಿರಲಿಲ್ಲ. ಕೆಟ್ಟದ್ದು ಮಾತ್ರ ಹೊಳೆಯುವ ತಲೆ ಇದು.

ಅರ್ಜಿಗೆ ಸಹಿ ಹಾಕಿ ನನ್ನತ್ತ ತಳ್ಳಿದರು. "ತಗೋ, ಎರಡು ವರ್ಷ. ಆದರೆ ಒಂದು ತಿಳ್ಕೋ. ಕಿಟಾಲೆಯ ಜೋಳಕ್ಕೆ ಕಿಟಾಲೆಯಲ್ಲೇ ಗೋಡೌನ್ ಕಟ್ಟಿದರೆ ನಿನ್ನದೂ ಮುಗೀತು, ನನ್ನದೂ ಮುಗೀತು. ಅಮೆರಿಕದವರು ಪೋಲೆ ಪೋಲೆ, ನಿಧಾನಕ್ಕೆ ಓದಲಿ ಅಂತ ನಿನ್ನ ದೇವರಿಗೆ ಹೇಳು."

ಆ ಸಂಜೆ ಮನೆಯ ಪ್ರಾರ್ಥನೆಯಲ್ಲಿ ಹೆಂಡತಿ ಪರ್ಮಿಟ್ಟಿಗಾಗಿ ಸ್ತೋತ್ರ ಹೇಳಿ, "ಕರ್ತನೇ, ಆ ಪತ್ರಗಳ ಬೇಡಿಕೆ ಬೇಗ ಕೈಗೂಡಲಿ," ಎಂದಳು. ನಾನು ಆಮೆನ್ ಎನ್ನುವ ಮೊದಲು ಒಂದು ತಿದ್ದುಪಡಿ ಮಂಡಿಸಿದೆ, ಮನಸ್ಸಿನಲ್ಲೇ: ಬೇಗ ಎಂದರೆ ಎರಡು ವರ್ಷ ಕಳೆದ ಮೇಲೆ ಎಂದು ತಿಳಿಯತಕ್ಕದ್ದು. ಮಂಡಿಸಿದೊಡನೆ ಉತ್ತರದವರ ನೆನಪಾಯಿತು. ಮುಂದಿನ ಬೇಸಿಗೆಯಲ್ಲಿ ಅಲ್ಲಿ ಹಸಿಯುವ ಹೊಟ್ಟೆಗೆ ನನ್ನ ಪರ್ಮಿಟ್ಟಿನ ತಾರೀಖು ತಿಳಿಸುವವರು ಯಾರು? ತಿದ್ದುಪಡಿ ವಾಪಸ್ಸು ಪಡೆದು, ಸ್ವಲ್ಪ ಜೋರಾಗಿಯೇ ಆಮೆನ್ ಎಂದೆ.

ಹೆಂಡತಿ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು.