ಸೋತವರ ಪಟಕ್ಕೆ ಬೊಟ್ಟು

ನಮ್ಮ ಅವ್ವನ ಶುಕ್ರವಾರದ ಕುಂಕುಮಕ್ಕೆ ಭೇದಭಾವವಿಲ್ಲ. ಗಾಜು ಹಾಕಿ ಗೋಡೆಗೆ ತೂಗುಹಾಕಿದ್ದು ಯಾವುದಾದರೂ ಸರಿ, ದೇವರಾಗಲಿ, ತೀರಿಕೊಂಡ ಅಪ್ಪನಾಗಲಿ, ನನ್ನ ಬಿ.ಎಡ್. ತರಗತಿಯ ಗುಂಪುಚಿತ್ರವಾಗಲಿ, ಒಂದೊಂದು ಬೊಟ್ಟು ಬಿದ್ದೇ ಬೀಳುತ್ತದೆ. ಗುಂಪುಚಿತ್ರದಲ್ಲಿ ಅದು ಪ್ರಾಂಶುಪಾಲರ ಮೂಗಿನ ತುದಿಯಲ್ಲಿ ಕೂತದ್ದನ್ನು ಕಂಡು ನಾನು ನಕ್ಕಿದ್ದುಂಟು. ಈಗ ನಗು ಬರುವುದಿಲ್ಲ, ಗೆಳೆಯರೇ. ಶುಕ್ರವಾರವೆಂದರೆ ನನಗೀಗ ಭಯ.

ಅವ್ವ ಮದುವೆಯಾಗಿ ಬಿಳಿಚೋಡಿನಿಂದ ನ್ಯಾಮತಿಗೆ ಬರುವಾಗ ತಂದಿದ್ದ ಲಕ್ಷ್ಮೀಪಟಕ್ಕೆ ಹೋದ ಮಳೆಗಾಲದಲ್ಲಿ ಗೆದ್ದಲು ಹಿಡಿಯಿತು. ಮುಕ್ಕಾದ ದೇವರಪಟ ಮನೆಯಲ್ಲಿರಬಾರದಲ್ಲ, ಕಟ್ಟು ಬಿಚ್ಚಿ ಅರಳೀಕಟ್ಟೆಯ ಮೇಲಿಟ್ಟು ಬಂದೆ. ಬಿಚ್ಚುವಾಗ ಲಕ್ಷ್ಮಿಯ ಬೆನ್ನಿಗೆ, ಕಟ್ಟು ಹಾಕಿದವನು ದಪ್ಪಕ್ಕೆಂದು ಸೇರಿಸಿದ್ದ ಇನ್ನೊಂದು ಹಳೆಯ ಅಚ್ಚಿನ ಚಿತ್ರ ಸಿಕ್ಕಿತು: ರಣರಂಗದಲ್ಲಿ ಸೋತ ಸೈನಿಕರು. ಹರಿದ ನಗಾರಿ, ಸವಾರನಿಲ್ಲದ ಕುದುರೆ, ಒಂದೇ ಕಾಲಿಗೆ ಬೂಟಿರುವವನೊಬ್ಬ, ನಟ್ಟನಡುವೆ ಅಂಗಾತ ಬಿದ್ದ ಎಳೆಯನೊಬ್ಬ. ಯಾವ ಯುದ್ಧವೆಂದು ಹೇಳಬೇಕಿದ್ದ ಅಡಿಸಾಲನ್ನು ಗೆದ್ದಲು ತಿಂದಿತ್ತು.

ಇತಿಹಾಸದ ಮೇಷ್ಟ್ರಾದ ನಾನು ಹಿಗ್ಗಿ, ಹೊನ್ನಾಳಿಯಲ್ಲಿ ಹೊಸ ಗಾಜು ಹಾಕಿಸಿ, ಅದನ್ನೇ ಲಕ್ಷ್ಮಿಯ ಮೊಳೆಗೆ ತೂಗುಹಾಕಿದೆ. ತಪ್ಪು ಮಾಡಿದ್ದು ಅಲ್ಲೇ. ಕಣ್ಣು ಮಂಜಾದ ಅವ್ವನ ಬೆರಳು ಲಕ್ಷ್ಮಿಯ ಹಣೆಯಿದ್ದ ಜಾಗವನ್ನೇ ಹುಡುಕಿಕೊಂಡು ಹೋಯಿತು. ಅಲ್ಲೀಗ ಇರುವುದು ಬಿದ್ದವನ ಎದೆ. ಆ ಎದೆಯ ಮೇಲೆ ಹಸಿ ಕೆಂಪು ಕಂಡ ನಾನು ನಿಂತಲ್ಲೇ ಬೆವರಿದೆ.

ಏಕೆಂದರೆ ನನ್ನ ಮಗಳು ಚೈತ್ರಾ ಸೈನ್ಯದಲ್ಲಿದ್ದಾಳೆ. ಎರಡು ತಿಂಗಳ ಹಿಂದೆ ಗಡಿಗೆ ಹೊರಟಾಗ ಬೀದಿಯವರೆಲ್ಲ “ಗೆದ್ದು ಬಾರವ್ವ” ಎಂದು ಹರಸಿದರು. “ಹೋಗಿ ಬರ್ತೀನಿ ಅಪ್ಪಾಜಿ. ಅಲ್ಲಿ ಫೋನು ಸರಿಯಾಗಿ ಸಿಗಾಕಿಲ್ಲ, ಗಾಬರಿ ಆಗಬ್ಯಾಡ್ರಿ” ಎಂದಳು. ಅವಳ ದನಿ ಕೇಳಿ ಇಂದಿಗೆ ಹನ್ನೆರಡು ದಿನ.

ಪ್ರತಿ ಶುಕ್ರವಾರ ಅವ್ವ ಅಡುಗೆಮನೆಗೆ ಹೋದೊಡನೆ ಕಳ್ಳನಂತೆ ಆ ಬೊಟ್ಟನ್ನು ಒರೆಸುತ್ತೇನೆ. ಒರೆಸುತ್ತಾ ನೆನೆಯುತ್ತೇನೆ: ‘ಸೋತು ಪಲಾಯನ ಮಾಡಿದರು’ ಎಂದು ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಇದೇ ಅಲ್ಲವೇ? ಗೆದ್ದವರಾರೆಂದು ಕೇಳಿ ಅಂಕ ಕೊಟ್ಟೆ. ಸೋತವರಲ್ಲಿ ಮನೆ ಮುಟ್ಟಿದವರು ಎಷ್ಟು ಮಂದಿಯೆಂದು ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಈಗ ಒಳಗೊಳಗೇ ನಾನು ಬೇಡುವುದು ಆ ಪಲಾಯನವನ್ನೇ: ಸೋತರೂ ಚಿಂತೆಯಿಲ್ಲ, ಓಡಿ ಬಾ ಮಗಳೇ. ಬೀದಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.

ಈ ಶುಕ್ರವಾರ ಸಿಕ್ಕಿಬಿದ್ದೆ.

“ಯಾಕೋ ಒರಸ್ತೀಯ?” ಎಂದಳು ಅವ್ವ, ಬಾಗಿಲಲ್ಲಿ ನಿಂತು.

“ಅದು ಲಕ್ಷ್ಮಿ ಅಲ್ಲವ್ವ.”

“ಗೊತ್ತೈತೆ. ಹೋಗೋ ಮುಂಚೆ ಚೈತ್ರಾನೇ ಹೇಳಿದ್ಲು. ಗೆದ್ದೋರಿಗೆ ಆರತಿ ಎತ್ತಾಕೆ ಊರೇ ಐತೆ, ಇವರಿಗೆ ಯಾರದಾರೆ? ನಾನಿಲ್ಲಿ ಇಟ್ರೆ, ಅಲ್ಲಿ ಯಾವಳೋ ತಾಯಿ ನಮ್ಮ ಹುಡುಗಿಗೂ ಒಂದು ಬೊಟ್ಟು ಇಟ್ಟಾಳು ಅಂತ ಇಡ್ತೀನಿ.”

“ನೀನು ಇಡ್ತಿರೋದು ಎದೆ ಮೇಲವ್ವ.”

ಅವ್ವ ಬೆಚ್ಚಿದಳು. ಆಮೇಲೆ ಕುಂಕುಮದ ಬೆರಳನ್ನು ನನ್ನ ಮುಂದೆ ಚಾಚಿ, “ಹಣೆ ಎಲ್ಲೈತೆ, ತೋರಿಸು” ಎಂದಳು.

ಬೆರಳು ಹಿಡಿದು ಗಾಜಿನ ಮೇಲೆ ಮೆಲ್ಲಗೆ ಸರಿಸಿ, ಬಿದ್ದವನ ಹಣೆಗೆ ಮುಟ್ಟಿಸಿದೆ. ಮೇಜಿನ ಮೇಲಿದ್ದ ಫೋನಿನತ್ತ ಮಾತ್ರ ನಾವಿಬ್ಬರೂ ನೋಡಲಿಲ್ಲ.